ಮೂರನೆಯ ದಿನದ ಗುದ್ದಲಿ

ಪೂರ್ವ ಆಫ್ರಿಕದ ಜನರ ಬಾಯಲ್ಲಿ ಒಂದು ಗಾದೆಯುಂಟು: ಅತಿಥಿ ಎರಡು ದಿನ, ಮೂರನೆಯ ದಿನ ಅವನ ಕೈಗೆ ಗುದ್ದಲಿ ಕೊಡು. ಸ್ವಾಹಿಲಿ ಭಾಷೆಯ ಈ ಮಾತನ್ನು ತಾಂಜಾನಿಯದ ಪ್ರಥಮ ಅಧ್ಯಕ್ಷರಾದ ಜೂಲಿಯಸ್ ನ್ಯೆರೆರೆಯವರು 1962ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಉದಾಹರಿಸಿದ್ದಾರೆ. ದುಡಿಯದೆ ಉಣ್ಣುವವರಿಗೆ ಹಳೆಯ ಆಫ್ರಿಕದ ಸಮಾಜದಲ್ಲಿ ಎಡೆಯಿರಲಿಲ್ಲವೆಂಬುದು ಅವರ ವಾದ. ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಮಾತು ಕೇಳಿ ಬೆಳೆದ ನಮಗೆ ಈ ಗಾದೆ ಒರಟಾಗಿ ತೋರಬಹುದು. ಆದರೆ ಆ ನಾಡಿನ ಹಳ್ಳಿಯೊಂದರಲ್ಲಿ ಕೆಲವು ವಾರ ಕಳೆದ ಮೇಲೆ ನನಗೆ ಇದರ ಇನ್ನೊಂದು ಅರ್ಥ ಹೊಳೆಯಿತು. ಅತಿಥಿಯು ಸ್ನೇಹಿತನಾಗುವ ಬಗೆಯನ್ನೇ ಈ ಗಾದೆ ಹೇಳುತ್ತಿದೆ.

ತಾಂಜಾನಿಯದ ಈಶಾನ್ಯ ಭಾಗದಲ್ಲಿ ಉಸಾಂಬಾರ ಎಂಬ ಬೆಟ್ಟಸಾಲುಗಳಿವೆ. ಕೆಳಗಿನ ಬಯಲಿನ ಮೊಂಬೊ ಎಂಬ ಊರಿನಿಂದ ತಿರುವುತಿರುವಾದ ದಾರಿಯಲ್ಲಿ ಏರಿಹೋದರೆ ಲುಶೋಟೊ ಪಟ್ಟಣ ಸಿಗುತ್ತದೆ. ಅದರ ಸುತ್ತಲಿನ ಇಳಿಜಾರುಗಳಲ್ಲಿ ಮುಸುಕಿನ ಜೋಳ, ಬೀನ್ಸ್, ಬಾಳೆ, ಎಲೆಕೋಸು, ಆಲೂಗೆಡ್ಡೆಗಳ ಬೇಸಾಯ. ಅಲ್ಲಿನವರು ಶಂಬಾ ಜನ. ಮನೆಯೊಳಗೆ ಶಂಬಾ ಭಾಷೆ. ಶಾಲೆಯಲ್ಲಿ, ಸಂತೆಯಲ್ಲಿ ಸ್ವಾಹಿಲಿ. ಮನೆಯಲ್ಲಿ ತುಳುವನ್ನೂ ಹೊರಗೆ ಕನ್ನಡವನ್ನೂ ಆಡುವ ನಮ್ಮ ಕರಾವಳಿಯವರಿಗೆ ಈ ಏರ್ಪಾಡು ಹೊಸದೆನಿಸದು. ನನ್ನ ಮಗನು ಕೆಲಸದ ಮೇಲೆ ಆ ಸೀಮೆಯಲ್ಲಿದ್ದುದರಿಂದ ನಾನು ಅಲ್ಲಿಗೆ ಹೋಗುವಂತಾಯಿತು. ಊರಿನ ಶಾಲೆಯ ಉಪಾಧ್ಯಾಯರೊಬ್ಬರು ನನಗೆ ದುಭಾಷಿಗಳಾಗಿ ಒದಗಿದರು.

ಅಲ್ಲಿ ಪರಿಚಯದ ಮೊದಲ ಮೆಟ್ಟಿಲು ಕುಶಲಪ್ರಶ್ನೆ. ಕಿರಿಯರು ಹಿರಿಯರನ್ನು ಕಂಡೊಡನೆ ‘ಶಿಕಮೂ’ ಎನ್ನುತ್ತಾರೆ. ಹಿರಿಯರು ‘ಮರಹಬಾ’ ಎಂದು ಅದನ್ನು ಸ್ವೀಕರಿಸುತ್ತಾರೆ. ನಿಮ್ಮ ಪಾದ ಹಿಡಿಯುತ್ತೇನೆ ಎಂಬುದು ಆ ಮೊದಲ ಮಾತಿನ ಮೂಲಾರ್ಥವೆಂದು ಹೇಳುವುದುಂಟು. ಅನಂತರ ‘ಹಬಾರಿ’, ಅಂದರೆ ಸಮಾಚಾರ. ಇದು ಅರಬ್ಬಿಯಿಂದ ಬಂದ ಪದ. ನಮ್ಮ ಉತ್ತರ ಕರ್ನಾಟಕದ ‘ಖಬರು’ ಇದರ ಒಡಹುಟ್ಟು. ಮನೆಯ ಹಬಾರಿ, ಮಕ್ಕಳ ಹಬಾರಿ, ಕೆಲಸದ ಹಬಾರಿ, ಪ್ರಯಾಣದ ಹಬಾರಿ ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಕೇಳಬೇಕು. ಇದನ್ನೆಲ್ಲ ಬಿಟ್ಟು ನೇರವಾಗಿ ದಾರಿ ಕೇಳುವವನು ಅಲ್ಲಿ ಅವಿನಯಿ. ದುಡಿಯುತ್ತಿರುವವನಿಗೆ, ದಣಿದವನಿಗೆ, ಎಡವಿದವನಿಗೆ ‘ಪೋಲೆ’ ಎನ್ನುವುದೂ ವಾಡಿಕೆ. ನಿನ್ನ ಶ್ರಮ ನನಗೆ ತಿಳಿಯಿತು ಎಂಬ ಭಾವವನ್ನು ಅದೊಂದೇ ಪದ ತಿಳಿಸಿಬಿಡುತ್ತದೆ.

ಎರಡನೆಯ ಮೆಟ್ಟಿಲು ಹೊಸ್ತಿಲು. ಮನೆಯ ಹೊರಗೆ ನಿಂತು ‘ಹೋಡಿ’ ಎಂದು ಕೂಗಬೇಕು. ಮೂರು ಬಾರಿ ಕೂಗಿದರೂ ಉತ್ತರ ಬಾರದಿದ್ದರೆ ಹಿಂದಿರುಗಬೇಕು. ಉತ್ತರ ಬಂದರೆ ಅದು ‘ಕರೀಬು’. ಹತ್ತಿರ ಬನ್ನಿ ಎಂದು ಅದರ ಅರ್ಥ. ಹೊತ್ತಿನ ಲೆಕ್ಕವನ್ನೂ ತಿಳಿದಿರಬೇಕು. ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. ನಾಲ್ಕು ಗಂಟೆಗೆ ಬನ್ನಿ ಎಂದರೆ ನಮ್ಮ ಹತ್ತು ಗಂಟೆಗೆ ಹೋಗಬೇಕು. ಸೂರ್ಯೋದಯದಿಂದ ಘಳಿಗೆ ಎಣಿಸಿದ ಪಂಚಾಂಗದವರಿಗೆ ಇದು ಕಷ್ಟವಾಗಲಾರದು.

ಮೂರನೆಯದು ಊಟ. ಮೊದಲು ಮನೆಯವರು ಬೋಗುಣಿ ಹಿಡಿದು ಅತಿಥಿಯ ಕೈಗೆ ನೀರೆರೆಯುತ್ತಾರೆ. ಮುಸುಕಿನ ಜೋಳದ ಹಿಟ್ಟಿನ ಗಟ್ಟಿಮುದ್ದೆಗೆ ‘ಉಗಾಲಿ’ ಎಂದು ಹೆಸರು. ಅದನ್ನು ಬಲಗೈಯಲ್ಲಿ ಮುರಿದು, ಉಂಡೆಮಾಡಿ, ಹೆಬ್ಬೆರಳಿನಿಂದ ಗುಳಿಮಾಡಿ, ಹರಿವೆ ಸೊಪ್ಪನ್ನೋ ಬೇಯಿಸಿದ ಕಾಳನ್ನೋ ಅದರಲ್ಲಿ ತೆಗೆದುಕೊಂಡು ತಿನ್ನುವರು. ನಾವು ರಾಗಿಮುದ್ದೆಯನ್ನು ನುಂಗುತ್ತೇವೆ. ಅವರು ಉಗಾಲಿಯನ್ನು ಅಗಿಯುತ್ತಾರೆ. ರಾಗಿಯೂ ಅಲ್ಲಿ ಉಂಟು. ಅದರ ಅಂಬಲಿಯನ್ನು ಮಕ್ಕಳಿಗೆ ಕುಡಿಸುತ್ತಾರೆ. ಅಷ್ಟೇ ಅಲ್ಲ, ರಾಗಿಯ ತವರೇ ಪೂರ್ವ ಆಫ್ರಿಕದ ಎತ್ತರದ ನಾಡುಗಳೆಂದೂ, ಸಾವಿರಾರು ವರ್ಷಗಳ ಹಿಂದೆ ಅದು ನಮ್ಮಲ್ಲಿಗೆ ಬಂದಿತೆಂದೂ ಸಸ್ಯವಿಜ್ಞಾನಿಗಳ ಅಭಿಪ್ರಾಯ. ಈ ಸಂಗತಿಯನ್ನು ಹೇಳಿದಾಗ ಮನೆಯ ಹಿರಿಯರು, ಹಾಗಾದರೆ ನಮ್ಮ ಮನೆಯ ಧಾನ್ಯವನ್ನೇ ಉಂಡು ಬೆಳೆದವರು ನೀವು ಎಂದು ನಕ್ಕರು.

ಆದರೆ ಇಷ್ಟರಿಂದಲೇ ಸ್ನೇಹವಾಗುವುದಿಲ್ಲ. ಅದೇ ಹಿರಿಯರು ಮೊದಲ ದಿನ ನನ್ನನ್ನು ಕೇಳಿದ ಪ್ರಶ್ನೆ, “ನಿಮ್ಮ ಅಂಗಡಿ ಯಾವ ಊರಿನಲ್ಲಿ?” ಎಂಬುದು. ಅದರ ಹಿಂದೆ ಒಂದು ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಗುಜರಾತ್, ಕಚ್ಛ್ ಕಡೆಯ ವರ್ತಕರು ಪೂರ್ವ ಆಫ್ರಿಕದ ಒಳನಾಡಿನ ಊರೂರುಗಳಲ್ಲಿ ಅಂಗಡಿ ತೆರೆದರು. ಸ್ವಾಹಿಲಿಯಲ್ಲಿ ಅಂಗಡಿಗೆ ‘ದುಕಾ’ ಎಂದೇ ಹೆಸರು. ನಮ್ಮ ‘ದುಕಾನಿ’ನ ನೆಂಟ. ಹೀಗೆ ಭಾರತೀಯನೆಂದರೆ ತಕ್ಕಡಿಯ ಆಚೆ ಕುಳಿತವನೆಂಬ ಚಿತ್ರ ಅಲ್ಲಿ ನೆಲೆಗೊಂಡಿತು. ಎರಡು ಜನಾಂಗಗಳು ತಲೆಮಾರುಗಳ ಕಾಲ ಒಂದೇ ಬೀದಿಯಲ್ಲಿ ಬಾಳಿದರೂ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಂಡದ್ದು ಅಪರೂಪ. 1971ರಲ್ಲಿ ತಾಂಜಾನಿಯ ಸರ್ಕಾರವು ಬಾಡಿಗೆಯ ಕಟ್ಟಡಗಳನ್ನು ಸ್ವಾಧೀನಪಡಿಸಿಕೊಂಡಾಗ ಹೆಚ್ಚಾಗಿ ನಷ್ಟಕ್ಕೊಳಗಾದವರು ಭಾರತ ಮೂಲದವರೇ. ಮರುವರ್ಷ ನೆರೆಯ ಉಗಾಂಡದಿಂದ ಇದಿ ಅಮೀನನು ಏಷ್ಯದವರನ್ನು ಹೊರಗಟ್ಟಿದನು. ಆ ಕ್ರೌರ್ಯಕ್ಕೆ ಸಮರ್ಥನೆಯಿಲ್ಲ. ಆದರೂ ಅದಕ್ಕೆ ಮೊದಲೇ ಅಲ್ಲಿದ್ದ ದೂರವನ್ನು ನಾವು ಕಾಣದಿರಲಾಗದು.

ಈ ದೂರವನ್ನು ಕಳೆಯುವುದು ಗುದ್ದಲಿ. ನನ್ನ ವಯಸ್ಸನ್ನು ನೋಡಿ ಅವರು ಗುದ್ದಲಿಯ ಬದಲು ಒಣಗಿದ ಬೀನ್ಸ್ ಕಾಯಿಗಳ ರಾಶಿಯನ್ನು ನನ್ನ ಮುಂದೆ ಸುರಿದರು. ಅಂಗಳದಲ್ಲಿ ಹೆಂಗಸರೊಡನೆ, ಮುದುಕರೊಡನೆ ಕುಳಿತು ಕಾಯಿ ಸುಲಿಯುವುದು ನನ್ನ ಪಾಲಿನ ಕೆಲಸವಾಯಿತು. ಮಕ್ಕಳು ನನ್ನನ್ನು ‘ಬಾಬು’ ಎನ್ನತೊಡಗಿದರು. ನಮ್ಮಲ್ಲಿ ಬಾಬು ಕಚೇರಿಯವನು; ಅಲ್ಲಿ ಅಜ್ಜ.

ಕೈಗೆ ಕೆಲಸವಿದ್ದಾಗ ಮಾತು ಸಲೀಸು. ಒಂದು ದಿನ ಮದುವೆಯ ವಿಷಯ ಬಂದಿತು. ಅಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ‘ಮಹಾರಿ’ ಎಂಬ ತೆರವನ್ನು ಕೊಡಬೇಕು. ನಮ್ಮಲ್ಲಿ ಅನೇಕ ಕಡೆ ಹೆಣ್ಣಿನವರೇ ಗಂಡಿಗೆ ಕೊಡುತ್ತಾರೆಂದು ನಾನು ಹೇಳಿದಾಗ ಹೆಂಗಸರೆಲ್ಲ ನಕ್ಕುಬಿಟ್ಟರು. ಬಳಿಕ ಒಬ್ಬ ಮುದುಕಿ ಗಂಭೀರವಾಗಿ ಕೇಳಿದಳು: “ಮಗಳನ್ನೂ ಕೊಟ್ಟು ಹಣವನ್ನೂ ಕೊಡುವುದೇ?” ವರದಕ್ಷಿಣೆಯನ್ನು ನಿಷೇಧಿಸುವ ಕಾನೂನು 1961ರಲ್ಲೇ ಬಂದಿದೆ ಎಂದೆ. “ಆಮೇಲೆ ನಿಂತಿತೇ?” ಎಂದು ಅವಳ ಮರುಪ್ರಶ್ನೆ. ನಿಂತಿಲ್ಲವೆಂದು ಹೇಳಿದೆ. ಅವಳು ಕಾಯಿ ಸುಲಿಯುತ್ತಲೇ ‘ಪೋಲೆ’ ಎಂದಳು.

ಅತಿಥಿಗೆ ಯಾರೂ ಇಂಥ ಪ್ರಶ್ನೆ ಹಾಕುವುದಿಲ್ಲ. ಅವನಿಗೆ ಹಿತವಾದದ್ದನ್ನಷ್ಟೇ ಆಡಿ ಕಳಿಸುತ್ತಾರೆ. ಕೆಲಸದಲ್ಲಿ ಪಾಲುಗೊಂಡವನನ್ನು ಮಾತ್ರ ಹೀಗೆ ಕೇಳಲು ಸಾಧ್ಯ. ಅವನೂ ಕೇಳಬಹುದು. ಮಹಾರಿಯ ಹಣ ಹೊಂದಿಸಲಾರದೆ ಮದುವೆ ಮುಂದೆ ಹಾಕಿದ ತರುಣರ ಕಷ್ಟವನ್ನು ನಾನು ಕೇಳಿ ತಿಳಿದದ್ದು ಅದೇ ಅಂಗಳದಲ್ಲಿ.

ಇಂದು ಆಫ್ರಿಕಕ್ಕೆ ಹೋಗುವ ನಮ್ಮವರು ಬಹಳ. ಪ್ರಾಣಿಗಳ ಚಿತ್ರ ಹಿಡಿದು ಹಿಂದಿರುಗುವವರೇ ಅವರಲ್ಲಿ ಹೆಚ್ಚು. ಹಳ್ಳಿಯಲ್ಲಿ ನಾಲ್ಕು ದಿನ ನಿಲ್ಲುವ ಮನಸ್ಸುಳ್ಳವರು ಇಷ್ಟನ್ನು ತಿಳಿದಿದ್ದರೆ ಸಾಕು: ಉಂಡ ಊಟಕ್ಕೆ ಹಣ ಎಣಿಸಬಾರದು, ಸಕ್ಕರೆಯನ್ನೋ ಸಾಬೂನನ್ನೋ ಮನೆಗೆ ಒಯ್ಯಬಹುದು. ಕೇಳದೆ ಯಾರ ಚಿತ್ರವನ್ನೂ ತೆಗೆಯಬಾರದು. ಕೆಲಸ ಕೊಟ್ಟರೆ ಒಲ್ಲೆನೆನ್ನಬಾರದು. ಹೊರಟುನಿಂತಾಗ ಮನೆಯವರು ದಾರಿಯಲ್ಲಿ ಬಹುದೂರ ಜೊತೆಗೆ ಬರುತ್ತಾರೆ. ಬೇಡವೆಂದು ಅವರನ್ನು ತಡೆಯಬಾರದು. ಅವರ ನಡಿಗೆಗೆ ನಮ್ಮ ನಡಿಗೆಯನ್ನು ಹೊಂದಿಸಿಕೊಳ್ಳಬೇಕು.