ಪೆರಂಬೂರಿನಲ್ಲಿ ಮರುಜೀವ ಪಡೆದ ಟ್ಯಾಂಕ್ ಎಂಜಿನುಗಳು

ಚೆನ್ನೈ ಮಹಾನಗರದ ಉತ್ತರ ಭಾಗದಲ್ಲಿ, ಮಾಧವರಂಗೆ ದಕ್ಷಿಣದಲ್ಲಿ ಪೆರಂಬೂರು ಇದೆ. ಅಲ್ಲಿನ ರೈಲ್ವೆ ಕಾರ್ಯಾಗಾರವು ಮದರಾಸು ರೈಲ್ವೆ ಕಂಪನಿಯಿಂದ 1856ರಲ್ಲಿ ಸ್ಥಾಪನೆಗೊಂಡಿತು. ಅದೇ ವರ್ಷ ಜುಲೈ 1ರಂದು ದಕ್ಷಿಣ ಭಾರತದ ಮೊದಲ ರೈಲು ರಾಯಪುರದಿಂದ ಹೊರಟಿತು. 1864ರಲ್ಲಿ ಬೆಂಗಳೂರು ದಂಡು ಪ್ರದೇಶಕ್ಕೆ ಹಳಿಯನ್ನು ತಂದುದೂ ಇದೇ ಕಂಪನಿಯೇ. ಈ ಕಾರ್ಯಾಗಾರದ ನೌಕರರಿಗೆ ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಒಂದು ಅಪರೂಪದ ಹೊಣೆ ಒದಗಿ ಬಂದಿತು. 1855ರಲ್ಲಿ ಇಂಗ್ಲೆಂಡಿನಿಂದ ಬಂಗಾಳಕ್ಕೆ ಬಂದಿದ್ದ ಉಗಿ ಎಂಜಿನೊಂದನ್ನು ಮತ್ತೆ ಹಳಿಯ ಮೇಲೆ ಓಡುವಂತೆ ಮಾಡಬೇಕಾಗಿತ್ತು.

ಆ ಕಾಲದಲ್ಲಿ ಭಾರತಕ್ಕೆ ಬೇಕಾದ ಎಂಜಿನುಗಳೆಲ್ಲ ಸಮುದ್ರಮಾರ್ಗದಲ್ಲಿಯೇ ಬರಬೇಕಾಗಿತ್ತು. ಆದರೆ ಬ್ರಿಟನ್ನಿನಲ್ಲಿ ಹಳಿಗಳ ನಡುವಿನ ಸಾಮಾನ್ಯ ಅಂತರ 4 ಅಡಿ 8½ ಅಂಗುಲ. ಭಾರತಕ್ಕೆ 6 ಅಡಿಯ ಅಂತರವೇ ಉಚಿತವೆಂಬುದು ಗವರ್ನರ್ ಜನರಲ್ ಡಾಲ್‌ಹೌಸಿಯ ಅಭಿಪ್ರಾಯವಾಗಿತ್ತು. ಕೊನೆಗೆ 5 ಅಡಿ 6 ಅಂಗುಲ, ಅಂದರೆ 1,676 ಮಿಲಿಮೀಟರ್ ನಿಗದಿಯಾಯಿತು. ಇದರ ಪರಿಣಾಮವಾಗಿ, ಸ್ವದೇಶದ ಸಾಮಾನ್ಯ ಹಳಿಗಳ ಮೇಲೆ ಎಂದೂ ಓಡಲಾರದ ಎಂಜಿನುಗಳನ್ನು ಅಲ್ಲಿನ ಕಾರ್ಖಾನೆಗಳು ತಯಾರಿಸಿ ಹಡಗಿಗೆ ಏರಿಸತೊಡಗಿದವು. ಹಡಗಿನ ಪ್ರಯಾಣವೂ ಸುಗಮವಾಗಿರಲಿಲ್ಲ. ಈಸ್ಟ್ ಇಂಡಿಯನ್ ರೈಲ್ವೆಯ ಮೊದಲ ಎಂಜಿನನ್ನು ಹೊತ್ತ ಹಡಗು ತಪ್ಪಿ ಆಸ್ಟ್ರೇಲಿಯಕ್ಕೆ ಹೋಯಿತು. ಗಾಡಿಗಳ ಮಾದರಿಗಳನ್ನು ತರುತ್ತಿದ್ದ ಮತ್ತೊಂದು ಹಡಗು ಹೂಗ್ಲಿ ನದಿಯ ಮುಖದ ಬಳಿ ಮುಳುಗಿತು. ಹೌರಾದಿಂದ ಹೂಗ್ಲಿಗೆ ಮೊದಲ ರೈಲು 1854ರ ಆಗಸ್ಟ್ 15ರಂದು ಹೊರಡುವ ಹೊತ್ತಿಗೆ ಇಷ್ಟೆಲ್ಲ ನಡೆದುಹೋಗಿತ್ತು.

ಮರುವರ್ಷ ಲೀಡ್ಸ್ ನಗರದ ಕಿಟ್ಸನ್, ಥಾಮ್ಸನ್ ಮತ್ತು ಹೆವಿಟ್ಸನ್ ಸಂಸ್ಥೆಯ ಎಂಜಿನುಗಳು ಕಲ್ಕತ್ತೆಗೆ ಬಂದವು. ಅವುಗಳಲ್ಲಿ 21 ಮತ್ತು 22ನೆಯ ಸಂಖ್ಯೆಯವು ಇಂದಿಗೂ ಉಳಿದಿವೆ. ಮೊದಲನೆಯದು 'ಎಕ್ಸ್‌ಪ್ರೆಸ್', ಎರಡನೆಯದು 'ಫೇರಿ ಕ್ವೀನ್'. ಎರಡನೆಯದಕ್ಕೆ ಆ ಹೆಸರು ಬಂದುದು 1895ರಲ್ಲಿ, ನಲವತ್ತು ವರ್ಷ ದುಡಿದ ಮೇಲೆ!

ಇವು ಟ್ಯಾಂಕ್ ಎಂಜಿನುಗಳು. ದೂರ ಪ್ರಯಾಣದ ಉಗಿ ಎಂಜಿನುಗಳು ಸಾಮಾನ್ಯವಾಗಿ ನೀರು ಮತ್ತು ಕಲ್ಲಿದ್ದಲನ್ನು 'ಟೆಂಡರ್' ಎಂಬ ಪ್ರತ್ಯೇಕ ಬಂಡಿಯಲ್ಲಿ ಹಿಂದೆ ಎಳೆದುಕೊಂಡು ಹೋಗುತ್ತವೆ. ಟ್ಯಾಂಕ್ ಎಂಜಿನಿನಲ್ಲಾದರೋ ನೀರಿನ ತೊಟ್ಟಿಯು ಎಂಜಿನಿನ ದೇಹದ ಭಾಗವೇ ಆಗಿರುತ್ತದೆ. ಫೇರಿ ಕ್ವೀನ್‌ನಲ್ಲಿ ಸುಮಾರು 3,000 ಲೀಟರ್ ನೀರು ಹಿಡಿಯುವ ತೊಟ್ಟಿಯನ್ನು ಕೆಳಭಾಗದಲ್ಲಿ ತೂಗುಬಿಡಲಾಗಿದೆ. ಭಾರವು ಕೆಳಗಿರುವುದರಿಂದ ಎಂಜಿನು ಸ್ಥಿರವಾಗಿ ನಿಲ್ಲುತ್ತದೆ. ಆದರೆ ನೀರು ಬೇಗ ಮುಗಿಯುವುದರಿಂದ ದಾರಿಯಲ್ಲಿ ಪದೇ ಪದೇ ತುಂಬಿಸಿಕೊಳ್ಳಬೇಕಾಗುತ್ತದೆ. ಆರು ಗಾಲಿಗಳಲ್ಲಿ ನಡುವಣ ದೊಡ್ಡ ಜೋಡಿಗೆ ಮಾತ್ರ ಉಗಿಯ ಬಲ ತಲುಪುತ್ತದೆ. ಆದುದರಿಂದ ಭಾರವಾದ ಸರಕುಗಾಡಿಗಳಿಗೆ ಇದು ಹೇಳಿಸಿದ್ದಲ್ಲ. 26 ಟನ್ನು ತೂಕದ, ಸುಮಾರು 130 ಅಶ್ವಶಕ್ತಿಯ ಈ ಎಂಜಿನು ಹೌರಾ ಮತ್ತು ರಾಣಿಗಂಜ್ ನಡುವೆ ಹಗುರವಾದ ಅಂಚೆ ಗಾಡಿಗಳನ್ನು ಎಳೆಯಿತು. 1857ರಲ್ಲಿ ಸೈನಿಕರನ್ನು ಸಾಗಿಸಿತು. ಬಿಹಾರದಲ್ಲಿ ಹಳಿ ಹಾಕುವ ಕೆಲಸಕ್ಕೂ ಒದಗಿತು.

1909ರಲ್ಲಿ ಸೇವೆಯಿಂದ ನಿವೃತ್ತಿ ಹೊಂದಿದ ಬಳಿಕ ಅದು ಹೌರಾ ನಿಲ್ದಾಣದ ಹೊರಗೆ ಪೀಠದ ಮೇಲೆ ನಿಂತಿತು. 1943ರಲ್ಲಿ ಉತ್ತರ ಪ್ರದೇಶದ ಚಂದೌಸಿಯ ತರಬೇತಿ ಶಾಲೆಗೆ, ಮುಂದೆ ದೆಹಲಿಯ ರೈಲು ವಸ್ತುಸಂಗ್ರಹಾಲಯಕ್ಕೆ ಹೋಯಿತು. ಅದರ ಒಡನಾಡಿ ಎಕ್ಸ್‌ಪ್ರೆಸ್ ಜಮಾಲ್‌ಪುರ ಕಾರ್ಯಾಗಾರದಲ್ಲಿ ಪ್ರದರ್ಶನದ ವಸ್ತುವಾಗಿ ಉಳಿಯಿತು.

ಹೀಗೆ ಎಂಟು ದಶಕಗಳಿಗೂ ಮೀರಿ ತಣ್ಣಗಿದ್ದ ಬಾಯ್ಲರಿಗೆ ಮತ್ತೆ ಬೆಂಕಿ ಹಾಕುವುದು ಸುಲಭದ ಮಾತಲ್ಲ. ತುಕ್ಕು ಹಿಡಿದು ತೆಳುವಾದ ತಗಡು ಉಗಿಯ ಒತ್ತಡವನ್ನು ತಾಳದೆ ಸಿಡಿದರೆ ಪ್ರಾಣಹಾನಿ ಖಂಡಿತ. ಆದಕಾರಣ ಬಾಯ್ಲರನ್ನು ಮೊದಲು ನೀರಿನ ಒತ್ತಡದಿಂದ ಪರೀಕ್ಷಿಸುವುದು ವಾಡಿಕೆ. ನೀರು ಉಗಿಯಂತೆ ಹಿಗ್ಗದಿರುವುದರಿಂದ ಸೋರಿಕೆ ಕಂಡರೂ ಸ್ಫೋಟದ ಭಯ ಅಷ್ಟಿರುವುದಿಲ್ಲ. ಇಂತಹ ಎಂಜಿನಿನ ಬಿಡಿಭಾಗಗಳು ಮಾರುಕಟ್ಟೆಯಲ್ಲಿ ದೊರೆಯುವುದೂ ಇಲ್ಲ. ಹಳೆಯ ಭಾಗವನ್ನು ಅಳೆದು, ಅಚ್ಚು ಮಾಡಿ, ಕಾರ್ಯಾಗಾರದಲ್ಲಿಯೇ ಹೊಸದನ್ನು ತಯಾರಿಸಬೇಕಾಗುತ್ತದೆ. ಹೊಸ ಭಾಗಗಳು ಸೇರಿದಷ್ಟೂ ಮೂಲವಸ್ತು ಕಡಿಮೆಯಾಗುವುದೆಂಬ ಆಕ್ಷೇಪ ಸಂಗ್ರಹಾಲಯ ತಜ್ಞರಲ್ಲಿ ಇಲ್ಲದಿಲ್ಲ. ಅದು ತಳ್ಳಿಹಾಕುವಂತಹುದೂ ಅಲ್ಲ. ಆದರೆ ಭಾರತದಲ್ಲಿ ಬ್ರಾಡ್ ಗೇಜ್ ಹಳಿಯ ನಿಯತ ಉಗಿ ಸಂಚಾರವು 1995ರ ಡಿಸೆಂಬರಿನಲ್ಲಿ ಕೊನೆಗೊಂಡಿತ್ತು. ಉಗಿ ಎಂಜಿನಿನ ಕೆಲಸ ಬಲ್ಲ ಕೈಗಳು ಒಂದೊಂದಾಗಿ ನಿವೃತ್ತಿಯಾಗುತ್ತಿದ್ದವು. ಇನ್ನು ಹತ್ತು ವರ್ಷ ತಡವಾಗಿದ್ದರೆ ಕಲಿಸುವವರೇ ವಿರಳವಾಗುತ್ತಿದ್ದರು.

ಪೆರಂಬೂರಿನಲ್ಲಿ ದುರಸ್ತಿಗೊಂಡ ಫೇರಿ ಕ್ವೀನ್ 1997ರ ಜುಲೈ 18ರಂದು, 88 ವರ್ಷಗಳ ನಂತರ, ಮುಖ್ಯ ಹಳಿಯ ಮೇಲೆ ಓಡಿತು. ಮುಂದೆ ದೆಹಲಿ ಮತ್ತು ಆಳ್ವಾರ್ ನಡುವೆ ಪ್ರವಾಸಿಗರನ್ನು ಕರೆದೊಯ್ದಿತು. ನಿಯತವಾಗಿ ಸಂಚರಿಸುವ ಜಗತ್ತಿನ ಅತ್ಯಂತ ಹಳೆಯ ಉಗಿ ಎಂಜಿನೆಂದು 1998ರಲ್ಲಿ ಗಿನ್ನೆಸ್ ದಾಖಲೆ ಪುಸ್ತಕವು ಅದನ್ನು ಮಾನ್ಯ ಮಾಡಿತು. 2010ರಲ್ಲಿ ಪೆರಂಬೂರಿನ ನೌಕರರು ಎಕ್ಸ್‌ಪ್ರೆಸ್ ಎಂಜಿನನ್ನೂ ಓಡುವ ಸ್ಥಿತಿಗೆ ತಂದರು. ಬಂಗಾಳಕ್ಕೆಂದು ಲೀಡ್ಸ್‌ನಲ್ಲಿ ತಯಾರಾದ ಆ ಎಂಜಿನು ಬಳಿಕ ಚೆನ್ನೈಯ ಉಪನಗರ ಹಳಿಗಳ ಮೇಲೆ, ವಿದ್ಯುತ್ ತಂತಿಗಳ ಕೆಳಗೆ, ಹೊಗೆಯುಗುಳುತ್ತ ಓಡಿತು.