ಗುಡಿಸಲೊಳಗಿನ ಪಾಠ

2022ರ ಅಕ್ಟೋಬರ್‌ನಲ್ಲಿ ನಾನು ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದೆ. ನೆರೆಯ ಯಹೂದಿ ಕುಟುಂಬವೊಂದು ತನ್ನ ಹಿತ್ತಲಿನಲ್ಲಿ ಗುಡಿಸಲು ಕಟ್ಟಿತ್ತು. ಆ ಮನೆಯ ಮಕ್ಕಳೊಡನೆ ಕೂಡಿ ಅದಕ್ಕೆ ಬಣ್ಣದ ಕಾಗದದ ಸರ ಕಟ್ಟಿ ಬಂದ ಐದು ವರ್ಷದ ಮೊಮ್ಮಗಳು, ‘ತಾತ, ಅಷ್ಟು ದೊಡ್ಡ ಮನೆಯಿದ್ದೂ ಅವರೇಕೆ ಗುಡಿಸಲಿನಲ್ಲಿ ಊಟ ಮಾಡುತ್ತಾರೆ?’ ಎಂದು ಕೇಳಿದಳು.

ಅದು ಸುಕ್ಕೋತ್, ಕನ್ನಡ ಬೈಬಲ್ಲಿನಲ್ಲಿ ‘ಪರ್ಣಶಾಲೆಗಳ ಹಬ್ಬ’ ಎನಿಸಿರುವ ಸುಗ್ಗಿ ಹಬ್ಬ. ಕಣದ ಧಾನ್ಯವೂ ದ್ರಾಕ್ಷಿಯ ಫಲವೂ ಮನೆ ಸೇರಿದ ಮೇಲೆ ಏಳು ದಿನಗಳ ಆಚರಣೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಹೊಂದಿದ ಪೂರ್ವಜರು ಮರುಭೂಮಿಯಲ್ಲಿ ಅಲೆದ ದಿನಗಳ ಸ್ಮರಣೆಯೂ ಇದರಲ್ಲಿದೆ. ಮಾಡಿಗೆ ಕಡಿದ ಕೊಂಬೆ, ಗರಿಗಳನ್ನೇ ಹೊದಿಸಬೇಕು. ಸಂದಿನಲ್ಲಿ ನಕ್ಷತ್ರ ಕಾಣುವಂತಿರಬೇಕೆಂಬುದು ವಾಡಿಕೆ.

ಅರ್ಥಶಾಸ್ತ್ರ ಓದಿದ ನನಗೆ ಸೋಜಿಗವೆನಿಸಿದ್ದು ಹಬ್ಬದ ಕಾಲ. ಕಣಜ ತುಂಬಿದಾಗಲೇ ಭದ್ರವಾದ ಸೂರನ್ನು ಬಿಟ್ಟು ಹೊರಬರಬೇಕು. ಈ ಸಂತೋಷದಲ್ಲಿ ಆಳುಗಳು, ಪರದೇಶಿಗಳು, ಅನಾಥರು, ವಿಧವೆಯರೂ ಪಾಲುದಾರರೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ.

ಮಕ್ಕಳಿಗೂ ಇದರಿಂದ ವಿನಾಯಿತಿಯಿಲ್ಲ. ಸುಮಾರು 1,800 ವರ್ಷಗಳ ಹಿಂದೆ ಸಂಕಲನಗೊಂಡ ಮಿಷ್ನಾ ಎಂಬ ಧರ್ಮಸಂಹಿತೆಯ ಪ್ರಕಾರ, ತಾಯಿಯ ಆಸರೆಯಿಲ್ಲದೆ ಇರಬಲ್ಲ ಮಗುವೂ ಗುಡಿಸಲ ವಾಸದ ನಿಯಮಕ್ಕೆ ಒಳಪಡುತ್ತದೆ. ಶಮ್ಮಾಯಿ ಎಂಬ ಪಂಡಿತನಂತೂ ಸೊಸೆ ಹೆತ್ತಾಗ ಮಾಡಿನ ಗಾರೆಯನ್ನು ಒಡೆದು, ಹಸುಗೂಸಿಗಾಗಿ ಮಂಚದ ಮೇಲ್ಭಾಗಕ್ಕೆ ಸೊಪ್ಪು ಹೊದಿಸಿದನಂತೆ.

ಹಬ್ಬದಲ್ಲಿ ಹಿಡಿಯುವ ನಾಲ್ಕು ಸಸ್ಯಗಳೂ ಮಗುವಿನ ಮೂಗು, ನಾಲಗೆಗಳಿಗೆ ನಿಲುಕುವ ಪಾಠ. ಮಾದಲ ಹಣ್ಣಿಗೆ ರುಚಿ, ಪರಿಮಳ ಎರಡೂ ಉಂಟು. ಖರ್ಜೂರಕ್ಕೆ ರುಚಿ ಮಾತ್ರ, ಮಿರ್ಟಲ್ ಎಲೆಗೆ ಪರಿಮಳ ಮಾತ್ರ. ವಿಲ್ಲೋ ಕೊಂಬೆಗೆ ಎರಡೂ ಇಲ್ಲ. ಮನುಷ್ಯರೂ ಹೀಗೆಯೇ ನಾಲ್ಕು ಬಗೆ ಎಂಬುದು ಹಳೆಯ ವ್ಯಾಖ್ಯಾನ. ವಿಲ್ಲೋ ಇಲ್ಲದೆ ವಿಧಿ ಪೂರ್ಣವಾಗದು.

ಐಸ್‌ಕ್ರೀಮ್ ಕಡ್ಡಿಗಳಲ್ಲಿ ಗುಡಿಸಲು ಮಾಡಿಸಿ ಪಾಠ ಮುಗಿಸುವ ಶಿಕ್ಷಕರು ಎಲ್ಲೆಡೆಯೂ ಇದ್ದಾರೆ. ಮಕ್ಕಳ ಕೈಗೆ ಕೆಲಸ ಬೇಕು, ನಿಜ. ಆದರೆ ಅವರ ಪ್ರಶ್ನೆಗಳಿಗೂ ಜಾಗ ಬೇಕು. ‘ಹಬ್ಬ ಮುಗಿದ ಮೇಲೂ ಗುಡಿಸಲಿನಲ್ಲೇ ಇರುವವರು ಇದ್ದಾರಾ?’ ಎಂದು ಮೊಮ್ಮಗಳು ಮತ್ತೆ ಕೇಳಿದಾಗ ನಾನು ತಡವರಿಸಿದೆ. ಸೇವೆಯಲ್ಲಿದ್ದಾಗ ಗುಡಿಸಲು ತೆರವಿನ ಕಡತಗಳಿಗೆ ನಾನೂ ಸಹಿ ಮಾಡಿದ್ದೇನೆ. ಅವುಗಳಲ್ಲಿ ‘ತಾತ್ಕಾಲಿಕ ರಚನೆ’ ಎಂದಷ್ಟೇ ಬರೆದಿರುತ್ತಿತ್ತು. ಒಳಗೆ ಎಷ್ಟು ಮಕ್ಕಳು ಮಲಗುತ್ತಿದ್ದರೆಂದು ನಾನು ಕೇಳಿರಲಿಲ್ಲ.

‘ಇದ್ದಾರೆ, ನಮ್ಮೂರಿನಲ್ಲೂ ಇದ್ದಾರೆ’ ಎಂದೆ. ಅಂದು ರಾತ್ರಿ ನೆರೆಯವರ ಆಹ್ವಾನದ ಮೇರೆಗೆ ಇಬ್ಬರೂ ಆ ಗುಡಿಸಲಿನಲ್ಲಿ ಊಟಕ್ಕೆ ಕುಳಿತೆವು. ಚಳಿಗಾಳಿ ಒಳನುಗ್ಗುತ್ತಿತ್ತು. ಮೊಮ್ಮಗಳು, ‘ಅವರಿಗೂ ಚಳಿ ಆಗುತ್ತಾ?’ ಎಂದಳು.