ದಾದಿಯ ದಣಿವಿಗೂ ಆರೈಕೆ ಬೇಕು

ರೋಗಿ ಗುಣವಾಗಿ ಮನೆಗೆ ಹೊರಟರೆ ದಾದಿಯ ದಣಿವು ಅರ್ಧ ಇಳಿಯುತ್ತದೆ. 1983ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಜನರಲ್ ಆಸ್ಪತ್ರೆಯಲ್ಲಿ ಆರಂಭವಾದ '5ಬಿ' ಏಡ್ಸ್ ವಾರ್ಡಿನಲ್ಲಿ ಆ ಸಮಾಧಾನವೂ ಇರಲಿಲ್ಲ. ಪರಿಣಾಮಕಾರಿ ಔಷಧಗಳು ಬಂದದ್ದೇ 1996ರ ಸುಮಾರಿಗೆ. ವಾರ್ಡನ್ನು ಕಟ್ಟಿದ ನರ್ಸ್ ಕ್ಲಿಫ್ ಮಾರಿಸನ್ ಯಾರನ್ನೂ ಬಲವಂತವಾಗಿ ಅಲ್ಲಿಗೆ ಹಾಕಲಿಲ್ಲ, ತಾವಾಗಿ ಮುಂದೆ ಬಂದವರನ್ನಷ್ಟೇ ತೆಗೆದುಕೊಂಡರು. ರೋಗಿಗಳ ದುಃಖ ಕೇಳಲು 'ಶಾಂತಿ ಪ್ರಾಜೆಕ್ಟ್' (ಹೆಸರು ನಮ್ಮ ಕಡೆಯದೇ!) ಸಂಸ್ಥೆಯ ಆಪ್ತಸಲಹೆಗಾರರು ವಾರ್ಡಿನಲ್ಲೇ ಇದ್ದರು. ಭಾರವೆಲ್ಲ ದಾದಿಯ ಹೆಗಲಿಗೇ ಬೀಳಲಿಲ್ಲ.

ಇನ್ನು ಸೂಜಿಯ ಭಯ. ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿದರೂ ಎಚ್‌ಐವಿ ತಗಲುವ ಸಂಭವ ಸಾವಿರಕ್ಕೆ ಸುಮಾರು ಮೂರು. ತಡಮಾಡದೆ, ಹೆಚ್ಚೆಂದರೆ 72 ಗಂಟೆಯೊಳಗೆ, ಮಾತ್ರೆ ಆರಂಭಿಸಿ 28 ದಿನ ನುಂಗಿದರೆ ಅದೂ ಬಹಳ ತಗ್ಗುತ್ತದೆ. ಮಗಳು ನರ್ಸ್ ಕೆಲಸಕ್ಕೆ ಹೊರಟಾಗ ಸಂಬಳದ ಜೊತೆ ಇದನ್ನೂ ವಿಚಾರಿಸಿ: ಆ ಮಾತ್ರೆ ಅಲ್ಲಿ ನಡುರಾತ್ರಿಯಲ್ಲೂ ಸಿಗುತ್ತದೆಯೇ?